ಪರ್ಚೇಸ್ ಕೆಲಸದಿಂದ ಸ್ಟ್ರಾಟಜಿಕ್ ಸೋರ್ಸಿಂಗ್‌ಗೆ: ಯಾವ ತರಬೇತಿ, ಯಾವ ಕ್ರಮದಲ್ಲಿ

"ಪರ್ಚೇಸ್‌ನಲ್ಲಿ ಐದಾರು ವರ್ಷ ಆಯ್ತು. ಇನ್ನೂ ಪಿಒ (ಪರ್ಚೇಸ್ ಆರ್ಡರ್) ಹಾಕೋದು, ಫಾಲೋಅಪ್ ಮಾಡೋದು, ಇಷ್ಟೇ. ಮುಂದಕ್ಕೆ ಹೋಗಲು ಯಾವ ಕೋರ್ಸ್ ಮಾಡಲಿ?" ಪೀಣ್ಯ, ಬೊಮ್ಮಸಂದ್ರ, ಹೂಟಗಳ್ಳಿ, ಬೆಳಗಾವಿಯ ಉದ್ಯಮಬಾಗ್, ಎಲ್ಲ ಕಡೆಯ ಓದುಗರೂ ಕೇಳುವುದು ಇದನ್ನೇ. ಅದಕ್ಕೇ ಈ ಸಲ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೋರ್ಸಿನ ಹೆಸರು ಎರಡನೇ ಮಾತು. ನಿಮ್ಮದೇ ಕಂಪನಿಯ ಒಂದು ವರ್ಷದ ಖರೀದಿ ಲೆಕ್ಕ ಕೈಯಲ್ಲಿ ಇಟ್ಟುಕೊಂಡು ಕಲಿತರೆ ಯಾವ ಕೋರ್ಸ್ ಆದರೂ ಫಲ ಕೊಡುತ್ತದೆ. ಆ ಲೆಕ್ಕ ಇಲ್ಲದೆ ಕಲಿತರೆ ಎಷ್ಟು ದುಬಾರಿ ಸರ್ಟಿಫಿಕೇಟ್ ಆದರೂ ಗೋಡೆಗೆ ತೂಗುಹಾಕಲು ಮಾತ್ರ.

ಶುರು ಮಾಡುವ ಮುಂಚೆ ಬೇಕಾದ್ದು ಮೂರೇ: ಕಳೆದ 12 ತಿಂಗಳ ಪಿಒ ಮತ್ತು ಬಿಲ್ ಡೇಟಾ, ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್ ಮಾಡುವಷ್ಟು ಅಭ್ಯಾಸ, ಮತ್ತು ವಾರಕ್ಕೆ ಐದಾರು ಗಂಟೆ ಬಿಡುವು. ಡೇಟಾ ಕಂಪನಿಯ ಸ್ವತ್ತು ಅನ್ನೋದು ನೆನಪಿರಲಿ. ಮ್ಯಾನೇಜರ್‌ಗೆ ಹೇಳಿ ಒಪ್ಪಿಗೆ ಪಡೆಯಿರಿ. ಮನೆಯ ಲ್ಯಾಪ್‌ಟಾಪ್‌ಗೆ, ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ.

1. ನೀವು ಈಗ ಯಾವ ಕೆಲಸ ಮಾಡುತ್ತಿದ್ದೀರಿ ಅಂತ ಸರಿಯಾಗಿ ಗುರುತಿಸಿ

ಇಂಡೆಂಟ್ (ಬೇರೆ ವಿಭಾಗದವರ ಬೇಡಿಕೆ ಪತ್ರ) ಬಂತು, ಮೂರು ಕೊಟೇಶನ್ ತಂದಿರಿ, ಕಡಿಮೆ ರೇಟಿನವರಿಗೆ ಆರ್ಡರ್ ಕೊಟ್ಟಿರಿ, ಮಾಲು ಬರುವ ತನಕ ಫೋನ್ ಮಾಡಿದಿರಿ. ಇದು ದಿನನಿತ್ಯದ ಖರೀದಿ. ಬೇಕೇಬೇಕಾದ ಕೆಲಸ. ಆದರೆ ಇಲ್ಲಿ ಬೇರೆಯವರು ಕೇಳಿದ್ದನ್ನು ನೀವು ತಂದುಕೊಡುತ್ತಿದ್ದೀರಿ, ಅಷ್ಟೆ.

ಸ್ಟ್ರಾಟಜಿಕ್ ಸೋರ್ಸಿಂಗ್ ಅಂದರೆ ಇಂಡೆಂಟ್ ಬರುವ ಮುಂಚೆಯೇ ಯೋಚಿಸುವುದು. ಮುಂದಿನ ಎರಡು ಮೂರು ವರ್ಷ ಈ ವಸ್ತು ಎಷ್ಟು ಬೇಕಾಗುತ್ತದೆ? ಇದನ್ನು ಯಾರು ಯಾರು ಮಾಡಬಲ್ಲರು? ಒಬ್ಬರ ಹತ್ತಿರ ತಗೊಳ್ಳಬೇಕಾ, ಇಬ್ಬರ ಹತ್ತಿರವಾ? ರೇಟು ಹೇಗೆ ಕಟ್ಟಬೇಕು? ಸಪ್ಲೈಯರ್ ಮ್ಯಾನೇಜ್‌ಮೆಂಟ್ ಇದರ ಇನ್ನೊಂದು ಅರ್ಧ. ಆರ್ಡರ್ ಕೊಟ್ಟ ಮೇಲೆ ಆ ಸಪ್ಲೈಯರ್ ವರ್ಷವಿಡೀ ಹೇಗೆ ನಡೆದುಕೊಂಡರು ಅಂತ ಅಳೆಯುವುದು, ತಪ್ಪಿದ್ದಲ್ಲಿ ತಿದ್ದುವುದು, ಒಳ್ಳೆಯವರನ್ನು ಉಳಿಸಿಕೊಳ್ಳುವುದು.

ಇಲ್ಲೇ ಬಹಳ ಜನ ಎಡವುತ್ತಾರೆ. "ಎಸ್‌ಎಪಿ ಎಂಎಂ ಕಲಿತರೆ ಸಾಕಲ್ವಾ?" ಅಂತ ಕೇಳುತ್ತಾರೆ. ಎಂಎಂ ಅನ್ನುವುದು ಎಸ್‌ಎಪಿ ತಂತ್ರಾಂಶದಲ್ಲಿ ಖರೀದಿ ಮತ್ತು ಸ್ಟಾಕ್ ನೋಡಿಕೊಳ್ಳುವ ಭಾಗ. ಅದು ಗೊತ್ತಿದ್ದರೆ ಕೆಲಸ ಸಿಗುವುದು ಸುಲಭ, ನಿಜ. ಆದರೆ ಅದು ಪಿಒ ಹೇಗೆ ಹಾಕಬೇಕು ಅಂತ ಕಲಿಸುತ್ತದೆ. ಯಾರಿಗೆ, ಯಾಕೆ, ಯಾವ ಷರತ್ತಿನ ಮೇಲೆ ಅಂತ ಕಲಿಸುವುದಿಲ್ಲ. ಎರಡನ್ನೂ ಒಂದೇ ಅಂದುಕೊಂಡು ದುಡ್ಡು ಕಟ್ಟಬೇಡಿ.

2. ಒಂದು ವರ್ಷದ ಖರ್ಚನ್ನು ಬಿಡಿಸಿ ನೋಡಿ

ಇದಕ್ಕೆ ಸ್ಪೆಂಡ್ ಅನಾಲಿಸಿಸ್ ಅನ್ನುತ್ತಾರೆ. ಕಂಪನಿಯ ದುಡ್ಡು ಯಾವ ವಸ್ತುವಿಗೆ, ಯಾವ ಸಪ್ಲೈಯರ್‌ಗೆ, ಎಷ್ಟು ಹೋಯಿತು ಅನ್ನುವ ಲೆಕ್ಕ. 12 ತಿಂಗಳ ಬಿಲ್‌ಗಳನ್ನು ಒಂದೇ ಹಾಳೆಗೆ ತನ್ನಿ. ಸಪ್ಲೈಯರ್ ಹೆಸರು, ವಸ್ತು, ಗುಂಪು, ಮೊತ್ತ, ಇಷ್ಟಿದ್ದರೆ ಸಾಕು. ನಂತರ ಮೊತ್ತದ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ.

ಹೆಚ್ಚುಕಡಿಮೆ ಎಲ್ಲ ಕಾರ್ಖಾನೆಗಳಲ್ಲೂ ಕಾಣುವುದು ಒಂದೇ ಚಿತ್ರ. ಬೆರಳೆಣಿಕೆಯ ವಸ್ತುಗಳೇ ದುಡ್ಡಿನ ಬಹುಪಾಲನ್ನು ತಿನ್ನುತ್ತಿರುತ್ತವೆ. ನಿಮ್ಮ ಸಮಯದ ಬಹುಪಾಲು ಮಾತ್ರ ನೂರಾರು ಸಣ್ಣಪುಟ್ಟ ವಸ್ತುಗಳಿಗೆ ಹೋಗುತ್ತಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಒಂದೇ ಸಪ್ಲೈಯರ್ ಹೆಸರು ಮೂರು ತರ ಎಂಟ್ರಿ ಆಗಿರುತ್ತದೆ: ಒಂದು ಕಡೆ "ಎಂಟರ್‌ಪ್ರೈಸಸ್", ಇನ್ನೊಂದು ಕಡೆ "ಎಂಟರ್‌ಪ್ರೈಸ್", ಮತ್ತೊಂದು ಕಡೆ ಹೆಸರಿನ ಮುಂದೆ "ಶ್ರೀ". ಹೆಸರು ನೋಡಿ ಕೂಡಿಸಬೇಡಿ, ಜಿಎಸ್‌ಟಿ ನಂಬರ್ ಇಟ್ಟುಕೊಂಡು ಕೂಡಿಸಿ. ಒಂದೇ ಸಂಸ್ಥೆಗೆ ಬೇರೆ ಬೇರೆ ರಾಜ್ಯದಲ್ಲಿ ಬೇರೆ ಜಿಎಸ್‌ಟಿ ನಂಬರ್ ಇರಬಹುದು. ಹಾಗಿದ್ದಲ್ಲಿ ಅದರೊಳಗಿನ ಪ್ಯಾನ್ ನಂಬರ್ ಹಿಡಿದು ಸೇರಿಸಿ. ಈ ಕೆಲಸ ಬೇಸರದ್ದು. ಆದರೂ ಇದನ್ನು ಬೇರೆಯವರಿಗೆ ಒಪ್ಪಿಸಬೇಡಿ. ನಿಮ್ಮ ಕಂಪನಿ ಏನು ಕೊಳ್ಳುತ್ತದೆ ಅನ್ನೋದು ನಿಮಗೆ ಮನದಟ್ಟಾಗುವುದೇ ಇಲ್ಲಿ.

3. ವಸ್ತುಗಳನ್ನು ನಾಲ್ಕು ಗುಂಪು ಮಾಡಿ

1983ರಲ್ಲಿ ಪೀಟರ್ ಕ್ರಾಲ್ಜಿಕ್ ಎಂಬ ಸಲಹೆಗಾರರು ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಬಂದ ವಿಧಾನ ಇದು. ಜಗತ್ತಿನ ಯಾವ ಖರೀದಿ ತರಬೇತಿಗೆ ಹೋದರೂ ಇದು ಎದುರಾಗುತ್ತದೆ. ಎರಡೇ ಪ್ರಶ್ನೆ. ಈ ವಸ್ತು ನಮ್ಮ ಲಾಭವನ್ನು ಎಷ್ಟು ಮುಟ್ಟುತ್ತದೆ? ಇದು ಸಿಗುವುದು ಎಷ್ಟು ಕಷ್ಟ?

ದುಡ್ಡೂ ಕಡಿಮೆ, ಎಲ್ಲೆಂದರಲ್ಲಿ ಸಿಗುತ್ತದೆ: ಕೈಗವಸು, ಸ್ಟೇಷನರಿ, ಹೌಸ್‌ಕೀಪಿಂಗ್ ಸಾಮಾನು. ಇವು ರೊಟೀನ್. ವರ್ಷಕ್ಕೊಂದು ರೇಟ್ ಕಾಂಟ್ರಾಕ್ಟ್ ಮಾಡಿ ಕೈತೊಳೆದುಕೊಳ್ಳಿ. ದುಡ್ಡು ಜಾಸ್ತಿ, ಆದರೆ ಮಾಡುವವರು ಹಲವರು: ಕಾರ್ಟನ್, ಸಾಮಾನ್ಯ ಬೋಲ್ಟ್, ಶೀಟ್ ಮೆಟಲ್ ಕೆಲಸ. ಇವು ಲೀವರೇಜ್, ಅಂದರೆ ಚೌಕಾಸಿಯಲ್ಲಿ ಬಲ ನಿಮ್ಮ ಕಡೆ. ಸ್ಪರ್ಧೆ ಹಚ್ಚಬೇಕಾದ್ದು ಇಲ್ಲೇ. ದುಡ್ಡು ಕಡಿಮೆ, ಆದರೆ ಸಿಗುವುದು ಒಬ್ಬರ ಹತ್ತಿರ ಮಾತ್ರ: ಒಂದು ವಿಶೇಷ ಸೀಲ್, ಒಂದು ಹಳೆಯ ಮಷಿನ್‌ನ ಬಿಡಿಭಾಗ. ಇವು ಬಾಟಲ್‌ನೆಕ್. ಇಲ್ಲಿ ಹತ್ತು ರೂಪಾಯಿಗೆ ಜಗಳ ಆಡಬೇಡಿ. ಸ್ಟಾಕ್ ಇಟ್ಟುಕೊಳ್ಳಿ, ಬದಲಿ ಹುಡುಕಿ. ಕೊನೆಯದು, ದುಡ್ಡೂ ಜಾಸ್ತಿ, ಸಿಗುವುದೂ ಕಷ್ಟ: ನಿಮ್ಮದೇ ಪ್ಯಾಟರ್ನ್‌ನಿಂದ (ಅಚ್ಚಿನ ಮಾದರಿಯಿಂದ) ಬರುವ ದೊಡ್ಡ ಕಾಸ್ಟಿಂಗ್ (ಎರಕ ಹೊಯ್ದ ಲೋಹದ ಭಾಗ), ಕಂಟ್ರೋಲರ್ ಬೋರ್ಡ್. ಇವೇ ಸ್ಟ್ರಾಟಜಿಕ್. ಇಲ್ಲಿ ವರ್ಷಗಟ್ಟಲೆ ನಿಲ್ಲುವ ಸಂಬಂಧ ಬೇಕು.

ಬಾಟಲ್‌ನೆಕ್ ವಸ್ತುಗಳನ್ನು ಅಲಕ್ಷ್ಯ ಮಾಡುವುದೇ ದೊಡ್ಡ ತಪ್ಪು. ಬಿಲ್ ಚಿಕ್ಕದು ಅಂತ ಯಾರೂ ನೋಡುವುದಿಲ್ಲ. ಉತ್ಪಾದನೆಯ ಲೈನ್ ನಿಂತ ದಿನ ಮಾತ್ರ ಎಲ್ಲರೂ ನೋಡುತ್ತಾರೆ.

ಒಂದೇ ಸಪ್ಲೈಯರ್ ಮೇಲೆ ನಿಂತರೆ ಏನಾಗಬಹುದು ಅನ್ನುವುದಕ್ಕೆ ತರಬೇತಿಗಳಲ್ಲಿ ಹೇಳುವ ಪ್ರಸಿದ್ಧ ಪ್ರಕರಣ ಒಂದಿದೆ. 2000ನೇ ಇಸವಿ ಮಾರ್ಚ್ 17ರಂದು ಅಮೆರಿಕದ ಆಲ್ಬುಕರ್ಕಿಯಲ್ಲಿ ಫಿಲಿಪ್ಸ್‌ನ ಚಿಪ್ ಕಾರ್ಖಾನೆಗೆ ಸಿಡಿಲಿನಿಂದ ಬೆಂಕಿ ಬಿತ್ತು. ಬೆಂಕಿ ಕೆಲವೇ ನಿಮಿಷಗಳಲ್ಲಿ ಆರಿತು. ಆದರೆ ಹೊಗೆ, ನೀರು ಸೇರಿ ಧೂಳೇ ಇರಬಾರದ ಕ್ಲೀನ್‌ರೂಮ್‌ಗಳು ಹಾಳಾದವು. ಅಲ್ಲಿಂದ ಚಿಪ್ ತಗೊಳ್ಳುತ್ತಿದ್ದವರಲ್ಲಿ ನೋಕಿಯಾ, ಎರಿಕ್ಸನ್ ಇಬ್ಬರೂ ಇದ್ದರು. ನೋಕಿಯಾದವರು ತಕ್ಷಣ ತಂಡ ಕಟ್ಟಿದರು, ಫಿಲಿಪ್ಸ್‌ನ ಬೇರೆ ಘಟಕಗಳಿಂದ, ಬೇರೆ ಕಂಪನಿಗಳಿಂದ ಚಿಪ್ ಹೊಂದಿಸಿದರು. ಎರಿಕ್ಸನ್‌ನವರು ತಡವಾಗಿ ಎಚ್ಚೆತ್ತರು, ಅವರಿಗೆ ಬದಲಿ ಮೂಲವೂ ಇರಲಿಲ್ಲ. ನಷ್ಟ ಸುಮಾರು 40 ಕೋಟಿ ಡಾಲರ್. ಮರುವರ್ಷ ಅವರ ಮೊಬೈಲ್ ವ್ಯವಹಾರ ಸೋನಿ ಜೊತೆ ಸೇರಿತು. ಬೆಂಕಿ ಇಬ್ಬರಿಗೂ ಒಂದೇ. ಸಪ್ಲೈಯರ್ ಮೇಲೆ ಕಣ್ಣಿಟ್ಟಿದ್ದವರು ಒಬ್ಬರೇ.

4. ಈಗ ಕೋರ್ಸ್ ಆರಿಸಿ

ಮೇಲಿನ ಮೂರು ಮಾಡಿದ ಮೇಲೆ ನಿಮಗೇ ಗೊತ್ತಾಗುತ್ತದೆ ಎಲ್ಲಿ ತೊಡಕಿದೆ ಅಂತ. ಕೆಲವರಿಗೆ ಲೆಕ್ಕ, ಕೆಲವರಿಗೆ ಚೌಕಾಸಿ, ಕೆಲವರಿಗೆ ಕಾಂಟ್ರಾಕ್ಟ್.

ದುಡ್ಡು ಹಾಕುವ ಮುಂಚೆ ರುಚಿ ನೋಡಬೇಕು ಅನ್ನುವವರಿಗೆ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣ ಇದೆ. ಐಐಟಿಗಳ ಅಧ್ಯಾಪಕರ ಪಾಠ ಉಚಿತ. ಸಪ್ಲೈ ಚೈನ್, ಆಪರೇಷನ್ಸ್ ವಿಷಯಗಳು ಬರುತ್ತಿರುತ್ತವೆ. ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಸಣ್ಣ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ನನ್ನ ಪ್ರಕಾರ ಎಲ್ಲರೂ ಇಲ್ಲಿಂದಲೇ ಶುರು ಮಾಡಬೇಕು.

ನಮ್ಮ ದೇಶದ ಕಾರ್ಖಾನೆಗಳಲ್ಲೇ ಬೆಳೆಯುವ ಆಸೆ ಇದ್ದರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್, ಅಂದರೆ ಐಐಎಂಎಂ ನೋಡಿ. ಮುಖ್ಯ ಕಚೇರಿ ನವಿ ಮುಂಬೈಯಲ್ಲಿ, ಬೆಂಗಳೂರಿನಲ್ಲೂ ಶಾಖೆ ಇದೆ. ಕೆಲಸದಲ್ಲಿ ಇದ್ದುಕೊಂಡೇ ಡಿಪ್ಲೊಮಾ ಓದಬಹುದು. ಶಾಖೆಯ ಸಭೆಗಳಿಗೆ ಹೋದರೆ ಬೇರೆ ಕಂಪನಿಗಳ ಖರೀದಿ ಅಧಿಕಾರಿಗಳ ಪರಿಚಯವಾಗುತ್ತದೆ. ಅದೇ ಇಲ್ಲಿನ ದೊಡ್ಡ ಲಾಭ ಅಂತ ನನಗನ್ನಿಸುತ್ತದೆ. ಬಹುರಾಷ್ಟ್ರೀಯ ಕಂಪನಿ, ಗಲ್ಫ್ ಅಥವಾ ಇಂಗ್ಲೆಂಡ್ ಕಡೆ ಕಣ್ಣಿದ್ದರೆ ಬ್ರಿಟನ್ನಿನ ಖರೀದಿ ವೃತ್ತಿಪರರ ಸಂಸ್ಥೆ ಸಿಐಪಿಎಸ್ ಇದೆ. ಅದರಲ್ಲಿ ಲೆವೆಲ್ 4, 5, 6 ಎಂಬ ಮೆಟ್ಟಿಲುಗಳಿವೆ. ಮೂರನ್ನೂ ಮುಗಿಸಿ, ಜೊತೆಗೆ ಮೂರು ವರ್ಷದ ಅನುಭವ ತೋರಿಸಿದರೆ ಹೆಸರಿನ ನಂತರ ಎಂಸಿಐಪಿಎಸ್ (ಆ ಸಂಸ್ಥೆಯ ಸದಸ್ಯ) ಎಂದು ಹಾಕಿಕೊಳ್ಳಬಹುದು. ಅಮೆರಿಕದ ಐಎಸ್‌ಎಂ ಸಂಸ್ಥೆಯ ಸಿಪಿಎಸ್‌ಎಂ ಸರ್ಟಿಫಿಕೇಟ್ ಬೇರೆ ತರ. ಮೂರು ಪರೀಕ್ಷೆ, ಪದವೀಧರರಿಗೆ ಮೂರು ವರ್ಷದ ಅನುಭವ. ಕ್ಲಾಸಿಗೆ ಹೋಗದೆ ಸ್ವಂತ ಓದಿ ಬರೆಯಬಲ್ಲವರಿಗೆ ಇದು ಸರಿಹೋಗುತ್ತದೆ.

ಸರ್ಕಾರಿ ಇಲಾಖೆ, ನಿಗಮಗಳಲ್ಲಿ ಇರುವವರ ದಾರಿಯೇ ಬೇರೆ. ನಿಮಗೆ ಮೊದಲು ಬೇಕಾದ್ದು ನಿಯಮಗಳ ತರಬೇತಿ. ರಾಜ್ಯದಲ್ಲಿ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ಕೇಂದ್ರದಲ್ಲಿ 2017ರ ಸಾಮಾನ್ಯ ಹಣಕಾಸು ನಿಯಮಗಳು, ಜೊತೆಗೆ 2016ರಲ್ಲಿ ಶುರುವಾದ ಜೆಮ್ ಪೋರ್ಟಲ್ (ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆ). ಇವುಗಳಲ್ಲಿ ಪಳಗದೆ ಖಾಸಗಿ ವಲಯದ ಚೌಕಾಸಿ ಪಾಠ ಕಲಿತು ಪ್ರಯೋಗ ಮಾಡಿದರೆ ಆಡಿಟ್ ಆಕ್ಷೇಪಣೆ ಗ್ಯಾರಂಟಿ.

ಯಾವುದೇ ಕೋರ್ಸ್ ಇರಲಿ, ದುಡ್ಡು ಕಟ್ಟುವ ಮುಂಚೆ ಒಟ್ಟು ಖರ್ಚು ಕೇಳಿ. ವಿದೇಶಿ ಕೋರ್ಸ್‌ಗಳಲ್ಲಿ ಸದಸ್ಯತ್ವ ಶುಲ್ಕ, ಪ್ರತಿ ಪರೀಕ್ಷೆಯ ಶುಲ್ಕ, ಟ್ಯೂಷನ್ ಎಲ್ಲವೂ ಬೇರೆ ಬೇರೆ. ಜಾಹೀರಾತಿನಲ್ಲಿ ಒಂದನ್ನು ಮಾತ್ರ ತೋರಿಸಿರುತ್ತಾರೆ. ಸದಸ್ಯತ್ವ ಅಥವಾ ಸರ್ಟಿಫಿಕೇಟ್ ಉಳಿಸಿಕೊಳ್ಳಲು ಆಗಾಗ ಏನು ಕಟ್ಟಬೇಕು ಅಂತಲೂ ಕೇಳಿ. "ನೂರಕ್ಕೆ ನೂರು ಕೆಲಸ ಗ್ಯಾರಂಟಿ" ಅಂದವರ ಹತ್ತಿರ ಹೋಗಲೇಬೇಡಿ.

5. ಪಠ್ಯದಲ್ಲಿ ಈ ವಿಷಯಗಳು ಇವೆಯಾ ನೋಡಿ

ಮೊದಲನೆಯದು ಒಟ್ಟು ವೆಚ್ಚದ ಲೆಕ್ಕ. ಇದಕ್ಕೆ ಟಿಸಿಒ ಅನ್ನುತ್ತಾರೆ. ಕೊಟೇಶನ್‌ನಲ್ಲಿ ಇರುವ ರೇಟಲ್ಲ, ಆ ವಸ್ತು ನಿಮ್ಮಲ್ಲಿಗೆ ಬಂದು ಬಳಕೆಯಾಗುವ ತನಕ ಆಗುವ ಎಲ್ಲ ಖರ್ಚು. ಒಂದು ಉದಾಹರಣೆ ಹಾಕಿ ನೋಡೋಣ. ವರ್ಷಕ್ಕೆ 10,000 ಕಾಸ್ಟಿಂಗ್ ಬೇಕು. ಬಡ್ಡಿ ವರ್ಷಕ್ಕೆ 12% ಅಂದುಕೊಳ್ಳಿ.

ಸಪ್ಲೈಯರ್ ಕ: ರೇಟು 240 ರೂಪಾಯಿ, ಸಾಗಾಟ ನಿಮ್ಮದು, ಪೀಸಿಗೆ 6 ರೂಪಾಯಿ. ಮಾಲು ಬಂದ ಕೂಡಲೇ ದುಡ್ಡು. ರಿಜೆಕ್ಷನ್ 3%. ಕೆಟ್ಟ ಪೀಸ್ ಬದಲಿಸಿ ಕೊಡುತ್ತಾರೆ, ಆದರೆ ಅದರ ಮೇಲೆ ನೀವು ಮಾಡಿದ 60 ರೂಪಾಯಿಯ ಮಷಿನಿಂಗ್ ಹೋಯಿತು. ಅಂದರೆ ಸರಾಸರಿ ಪೀಸಿಗೆ 1 ರೂಪಾಯಿ 80 ಪೈಸೆ. ಡೆಲಿವರಿ ನಂಬುವ ಹಾಗಿಲ್ಲ, ಅದಕ್ಕೆ ನಾಲ್ಕು ವಾರದ ಹೆಚ್ಚುವರಿ ಸ್ಟಾಕ್ ಇಟ್ಟುಕೊಳ್ಳುತ್ತೀರಿ. ಅದರ ಬಡ್ಡಿ ಪೀಸಿಗೆ ಸುಮಾರು 2 ರೂಪಾಯಿ 20 ಪೈಸೆ. ಒಟ್ಟು 250 ರೂಪಾಯಿ.

ಸಪ್ಲೈಯರ್ ಖ: ರೇಟು 248 ರೂಪಾಯಿ, ನಿಮ್ಮ ಗೇಟಿಗೆ ತಂದುಕೊಡುತ್ತಾರೆ. ರಿಜೆಕ್ಷನ್ 0.5%, ಅಂದರೆ 30 ಪೈಸೆ. 45 ದಿನದ ಸಾಲ. ಅದರಿಂದ ಉಳಿಯುವ ಬಡ್ಡಿ ಪೀಸಿಗೆ ಸುಮಾರು 3 ರೂಪಾಯಿ 65 ಪೈಸೆ. ಒಟ್ಟು 244 ರೂಪಾಯಿ 65 ಪೈಸೆ.

ಎಂಟು ರೂಪಾಯಿ ದುಬಾರಿ ಕಂಡವರು ಐದು ರೂಪಾಯಿ ಚಿಲ್ಲರೆ ಅಗ್ಗ. ವರ್ಷಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಉಳಿತಾಯ. ಲೈನ್ ನಿಲ್ಲುವ ನಷ್ಟ ಇನ್ನೂ ಸೇರಿಸಿಲ್ಲ. ಈ ತರದ ಲೆಕ್ಕವನ್ನು ನಿಮ್ಮ ಕೈಯಿಂದ ಮಾಡಿಸದ ಕೋರ್ಸ್ ಇದ್ದರೆ ಅದನ್ನು ಬಿಟ್ಟುಬಿಡಿ.

ಎರಡನೆಯದು ಶುಡ್-ಕಾಸ್ಟ್. ಒಂದು ವಸ್ತು ಮಾಡಲು ನ್ಯಾಯವಾಗಿ ಎಷ್ಟು ಖರ್ಚಾಗಬೇಕು ಅಂತ ನೀವೇ ಕಟ್ಟುವ ಅಂದಾಜು. ಕಾಸ್ಟಿಂಗ್ ಆದರೆ ಪಿಗ್ ಐರನ್ ಮತ್ತು ಸ್ಕ್ರ್ಯಾಪ್, ಕರಗಿಸುವ ವಿದ್ಯುತ್, ಮರಳು ಮತ್ತು ಮೋಲ್ಡಿಂಗ್, ಕೂಲಿ, ಓವರ್‌ಹೆಡ್, ಲಾಭ. ಇದಕ್ಕೆ ಕ್ಲಾಸಿಗಿಂತ ಫೌಂಡ್ರಿಯೇ ಒಳ್ಳೆಯ ಪಾಠಶಾಲೆ. ಬೆಳಗಾವಿ ಅಥವಾ ಶಿವಮೊಗ್ಗದ ಫೌಂಡ್ರಿಯಿಂದ ಮಾಲು ಬರುತ್ತಿದ್ದರೆ ಒಂದು ದಿನ ಅಲ್ಲಿ ಹೋಗಿ ನಿಂತು ನೋಡಿ. ಕರಗಿಸಿದ ಲೋಹದಲ್ಲಿ ಎಷ್ಟು ನಿಮ್ಮ ಪೀಸ್ ಆಗುತ್ತದೆ, ಎಷ್ಟು ರನ್ನರ್, ರೈಸರ್ ಆಗಿ ಮತ್ತೆ ಕುಲುಮೆಗೆ ಹೋಗುತ್ತದೆ ಅಂತ ಕೇಳಿ. ಲೋಹ ಹರಿದು ಹೋಗುವ ದಾರಿ ರನ್ನರ್, ಕುಗ್ಗಿದಾಗ ತುಂಬಿಕೊಡುವ ಹೆಚ್ಚುವರಿ ಭಾಗ ರೈಸರ್. ಈ ಅನುಪಾತ ಗೊತ್ತಾದರೆ ಚೌಕಾಸಿಯ ಮಾತೇ ಬದಲಾಗುತ್ತದೆ. "ಐದು ಪರ್ಸೆಂಟ್ ಕಡಿಮೆ ಮಾಡಿ" ಅನ್ನುವ ಬದಲು "ರೈಸರ್ ಚಿಕ್ಕದು ಮಾಡಲು ನಮ್ಮ ಡ್ರಾಯಿಂಗ್‌ನಲ್ಲಿ ಏನು ಬದಲಿಸಲಿ?" ಅಂತ ಕೇಳುತ್ತೀರಿ. ಅಲ್ಲಿ ಉಳಿದದ್ದು ಇಬ್ಬರದೂ. ಕಚ್ಚಾಲೋಹದ ಬೆಲೆ ಏರಿಳಿದಾಗ ಪೀಸಿನ ರೇಟು ಯಾವ ಸೂತ್ರದ ಪ್ರಕಾರ ಬದಲಾಗಬೇಕು ಅಂತಲೂ ಬರೆದಿಟ್ಟುಕೊಳ್ಳಿ. ಏರುವಾಗ ಮಾತ್ರವಲ್ಲ, ಇಳಿಯುವಾಗಲೂ ಅದು ನಡೆಯಬೇಕು.

ಮೂರನೆಯದು ಕಾನೂನು. ವಿದೇಶಿ ಕೋರ್ಸ್‌ಗಳಲ್ಲಿ ನಮ್ಮ ಕಾನೂನು ಇರುವುದಿಲ್ಲ, ಅದನ್ನು ಬೇರೆಯಾಗಿ ಕಲಿಯಲೇಬೇಕು. 2006ರ ಎಂಎಸ್‌ಎಂಇಡಿ ಕಾಯ್ದೆಯ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ) ಪ್ರಕಾರ ಸರ್ಕಾರದ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಮಾಲು ಒಪ್ಪಿಕೊಂಡ 45 ದಿನದೊಳಗೆ ದುಡ್ಡು ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ಪಿಒದಲ್ಲಿ 90 ದಿನ ಅಂತ ಬರೆದು ಸಹಿ ಹಾಕಿಸಿಕೊಂಡರೂ ಕಾನೂನಿನ ಮುಂದೆ ಅದು ನಿಲ್ಲುವುದಿಲ್ಲ. ತಡವಾದರೆ ರಿಸರ್ವ್ ಬ್ಯಾಂಕ್ ನಿಗದಿ ಮಾಡಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಜೊತೆಗೆ, ಹಾಗೆ ಬಾಕಿ ಉಳಿಸಿಕೊಂಡ ಮೊತ್ತವನ್ನು ಆ ವರ್ಷದ ಖರ್ಚಾಗಿ ತೋರಿಸಲು ಆಗದಂತೆ ಆದಾಯ ತೆರಿಗೆ ಕಾನೂನಿಗೂ 2023ರಲ್ಲಿ ತಿದ್ದುಪಡಿ ತಂದರು. ಯಾವ ಸಪ್ಲೈಯರ್ ಯಾವ ವರ್ಗದವರು ಅನ್ನುವ ಪಟ್ಟಿ ನಿಮ್ಮ ಟೇಬಲ್ ಮೇಲೆ ಇರಲೇಬೇಕು.

ಜಿಎಸ್‌ಟಿಯೂ ಹಾಗೇ. ಸಪ್ಲೈಯರ್ ರಿಟರ್ನ್ ಹಾಕದಿದ್ದರೆ ನಿಮ್ಮ ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಿಕ್ಕಿಹಾಕಿಕೊಳ್ಳುತ್ತದೆ. ಬಿಲ್ ತಾರೀಖಿನಿಂದ 180 ದಿನದೊಳಗೆ ನೀವು ದುಡ್ಡು ಕೊಡದಿದ್ದರೆ ತಗೊಂಡ ಕ್ರೆಡಿಟ್ ವಾಪಸ್ ಕಟ್ಟಬೇಕು. ಆಮದು ಇದ್ದರೆ ಇನ್‌ಕೋಟರ್ಮ್ಸ್ 2020 ಕಲಿಯಿರಿ. ಸಾಗಾಟದ ಖರ್ಚು, ಅಪಾಯ ಎಲ್ಲಿಂದ ಯಾರದು ಅಂತ ಹೇಳುವ 11 ಷರತ್ತುಗಳು ಅವು.

ಚೌಕಾಸಿಯ ಪಾಠ ಎಲ್ಲ ಕೋರ್ಸ್‌ನಲ್ಲೂ ಇರುತ್ತದೆ. ಒಂದು ಮಾತು ಸಾಕು: ಈ ಸಪ್ಲೈಯರ್ ಒಪ್ಪದಿದ್ದರೆ ನಿಮ್ಮ ಮುಂದಿನ ದಾರಿ ಏನು ಅಂತ ಗೊತ್ತಿಲ್ಲದೆ ಮೀಟಿಂಗ್‌ಗೆ ಕೂರಬೇಡಿ.

6. ಕೋರ್ಸ್ ನಡೆಯುವಾಗಲೇ ಒಂದು ಗುಂಪನ್ನು ಕೈಗೆತ್ತಿಕೊಳ್ಳಿ

ಕೋರ್ಸ್ ಮುಗಿಯಲಿ ಅಂತ ಕಾಯಬೇಡಿ. ಲೀವರೇಜ್ ಗುಂಪಿನಿಂದ ಒಂದನ್ನು ಆರಿಸಿ, ಪ್ಯಾಕಿಂಗ್ ಸಾಮಾನು ಒಳ್ಳೆಯ ಆಯ್ಕೆ. ತಪ್ಪಾದರೂ ಲೈನ್ ನಿಲ್ಲುವುದಿಲ್ಲ. ಬೇಡಿಕೆ ಕೂಡಿಸಿ, ಅಳತೆಗಳ ಸಂಖ್ಯೆ ಕಡಿಮೆ ಮಾಡಿ, ಮತ್ತೆ ಕೊಟೇಶನ್ ಕರೆಯಿರಿ. ಸ್ಟ್ರಾಟಜಿಕ್ ಗುಂಪಿಗೆ ಮೊದಲೇ ಕೈಹಾಕುವುದು ಬೇಡ. ಹೊಸಬರ ಉತ್ಸಾಹಕ್ಕೆ ಹತ್ತು ವರ್ಷದ ಸಂಬಂಧ ಹಾಳಾಗುವುದು ಅಲ್ಲೇ.

ಉಳಿತಾಯದ ಲೆಕ್ಕವನ್ನು ಶುರುವಿನಲ್ಲೇ ಫೈನಾನ್ಸ್‌ನವರ ಜೊತೆ ಕೂತು ಒಪ್ಪಿಸಿಕೊಳ್ಳಿ. ಹೋದ ವರ್ಷದ ರೇಟಿಗೆ ಹೋಲಿಸಿ ಉಳಿದದ್ದು ಬೇರೆ. ಸಪ್ಲೈಯರ್ ಹತ್ತು ರೂಪಾಯಿ ಏರಿಸಿ ಕೇಳಿದ್ದಕ್ಕೆ ನೀವು ನಾಲ್ಕಕ್ಕೆ ನಿಲ್ಲಿಸಿದ್ದು ಬೇರೆ. ಎರಡನೆಯದೂ ಒಳ್ಳೆಯ ಕೆಲಸವೇ, ಆದರೆ ಎರಡನ್ನೂ ಕೂಡಿಸಿ ತೋರಿಸಿದರೆ ಮುಂದೆ ನಿಮ್ಮ ಯಾವ ಲೆಕ್ಕವನ್ನೂ ಯಾರೂ ನಂಬುವುದಿಲ್ಲ.

7. ಸಪ್ಲೈಯರ್ ಸ್ಕೋರ್‌ಕಾರ್ಡ್ ಶುರು ಮಾಡಿ

ಮುಖ್ಯವಾದ ಹತ್ತು ಹದಿನೈದು ಸಪ್ಲೈಯರ್‌ಗಳಿಗೆ ಮಾತ್ರ ಸಾಕು. ಅಳೆಯಬೇಕಾದ್ದು ಗುಣಮಟ್ಟ, ಡೆಲಿವರಿ, ಬೆಲೆ, ದೂರಿಗೆ ಸ್ಪಂದಿಸುವ ವೇಗ. ಗುಣಮಟ್ಟವನ್ನು ಪಿಪಿಎಂನಲ್ಲಿ ಹೇಳುತ್ತಾರೆ, ಅಂದರೆ ಹತ್ತು ಲಕ್ಷ ಪೀಸಿಗೆ ಎಷ್ಟು ಕೆಟ್ಟವು ಅಂತ. ಡೆಲಿವರಿಗೆ ಓಟಿಐಎಫ್, ಅಂದರೆ ಹೇಳಿದ ದಿನಕ್ಕೆ ಪೂರ್ತಿ ಮಾಲು ಬಂದ ಆರ್ಡರ್‌ಗಳು ನೂರಕ್ಕೆ ಎಷ್ಟು ಅಂತ.

ಸ್ಕೋರ್ ಕಳಿಸಿ ಸುಮ್ನೆ ಕೂರಬೇಡಿ. ಮೂರು ತಿಂಗಳಿಗೊಮ್ಮೆ ಅವರ ಜೊತೆ ಕೂತು ಮಾತಾಡಿ. ಮೊದಲ ಅರ್ಧ ಗಂಟೆ ಅವರ ದೂರು ಕೇಳಿ. ಡ್ರಾಯಿಂಗ್ ತಡವಾಗಿ ಕೊಡುವುದು, ಷೆಡ್ಯೂಲ್ ವಾರಕ್ಕೆರಡು ಸಲ ಬದಲಿಸುವುದು, ಬಿಲ್ ತಡೆಹಿಡಿಯುವುದು, ಎಲ್ಲ ಹೊರಗೆ ಬರುತ್ತದೆ. ಅವರ ಡೆಲಿವರಿ ತಪ್ಪಿದ್ದಕ್ಕೆ ಅರ್ಧ ಕಾರಣ ನಮ್ಮ ಕಡೆಯೇ ಇರುತ್ತದೆ. ಅದನ್ನು ಸರಿಪಡಿಸದೆ ಅವರ ಅಂಕ ಕಡಿಮೆ ಮಾಡುವುದು ಅನ್ಯಾಯ.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ಆಯುಧಪೂಜೆ, ದೀಪಾವಳಿಗೆ ಸಪ್ಲೈಯರ್‌ಗಳಿಂದ ಬರುವ ಉಡುಗೊರೆ. ಸ್ವೀಟ್ ಬಾಕ್ಸ್ ಬಂದರೆ ಡಿಪಾರ್ಟ್‌ಮೆಂಟ್‌ನ ಎಲ್ಲರ ಮುಂದೆ ಒಡೆದು ಹಂಚಿ. ಅದಕ್ಕಿಂತ ಜಾಸ್ತಿಯದು ಬಂದರೆ ವಾಪಸ್ ಕಳಿಸಿ, ಕಳಿಸಿದ್ದನ್ನು ಮೇಲ್‌ನಲ್ಲಿ ದಾಖಲಿಸಿ. ಒಂದು ಸಲ ಬೆಳ್ಳಿ ನಾಣ್ಯ ಜೇಬಿಗಿಳಿದರೆ ಆಮೇಲೆ ಆ ಸಪ್ಲೈಯರ್‌ನ ಸ್ಕೋರ್‌ಕಾರ್ಡ್‌ಗೆ ಸಹಿ ಹಾಕುವ ನೈತಿಕ ಹಕ್ಕು ನಿಮಗಿಲ್ಲ.

8. ಕೋರ್ಸ್ ಶುಲ್ಕವನ್ನು ಕಂಪನಿಯಿಂದ ಕೇಳಿ

"ನನಗೆ ಸರ್ಟಿಫಿಕೇಟ್ ಬೇಕು" ಅಂತ ಕೇಳಿದರೆ ಸಿಗುವುದು ಕಷ್ಟ. 2ನೇ ಹಂತದ ಹಾಳೆ, 6ನೇ ಹಂತದ ಲೆಕ್ಕ, ಎರಡನ್ನೂ ಒಂದೇ ಪುಟಕ್ಕೆ ತಂದು ಇಡಿ. ಪ್ಯಾಕಿಂಗ್‌ನಲ್ಲಿ ಇಷ್ಟು ಉಳಿದಿದೆ, ಫೈನಾನ್ಸ್ ಒಪ್ಪಿದೆ, ಮುಂದಿನ ಗುಂಪು ಇದು, ಅದಕ್ಕೆ ಈ ವಿಷಯ ಕಲಿಯಬೇಕು, ಶುಲ್ಕ ಇಷ್ಟು. ಬಜೆಟ್ ತಯಾರಾಗುವ ಜನವರಿ, ಫೆಬ್ರವರಿಯಲ್ಲಿ ಕೇಳಿ. ಏಪ್ರಿಲ್ ದಾಟಿದರೆ ದುಡ್ಡು ಬೇರೆ ಕಡೆ ಹಂಚಿಹೋಗಿರುತ್ತದೆ.

ಶುಲ್ಕ ಕೊಡುತ್ತೇವೆ ಅಂದರೆ ಜೊತೆಗೆ ಬಾಂಡ್ ಬರಬಹುದು: ಕೋರ್ಸ್ ಮುಗಿದ ಮೇಲೆ ಇಷ್ಟು ವರ್ಷ ಬಿಟ್ಟುಹೋಗುವಂತಿಲ್ಲ ಎಂಬ ಕರಾರು. ಎರಡು ವರ್ಷಕ್ಕಿಂತ ಜಾಸ್ತಿ ಒಪ್ಪಬೇಡಿ. ನಡುವೆ ಬಿಟ್ಟರೆ ಪೂರ್ತಿ ಶುಲ್ಕವಲ್ಲ, ಉಳಿದ ತಿಂಗಳುಗಳ ಪಾಲಿನಷ್ಟು ಮಾತ್ರ ವಾಪಸ್ ಕೊಡುವುದು ಅಂತ ಬರೆಸಿಕೊಂಡು ಸಹಿ ಹಾಕಿ.